ಕದ ಹಾಕಿಕೊಂಡು ಹಾಡಿದವರು

(ವಿದ್ಯಾರ್ಥಿನಿಲಯದ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಹಿಂದಿನ ಶಿಬಿರದಲ್ಲಿ ನಿಮ್ಮೊಳಗಿನ ಒಬ್ಬರು ಒಂದು ಪ್ರಶ್ನೆ ಎತ್ತಿದ್ದರು. ‘ನಮ್ಮೂರ ಪಕ್ಕದ ಹಳ್ಳಿಯ ಕೇರಿಯಲ್ಲಿ ಒಂದಷ್ಟು ಜನ ರಾತ್ರಿ ಹೊತ್ತು ಕದ ಹಾಕಿಕೊಂಡು ಏನೋ ಪೂಜೆ, ಭಜನೆ ಮಾಡ್ತಾರೆ. ಹೊರಗಿನವರನ್ನ ಒಳಗೆ ಬಿಡೋದಿಲ್ಲ. ಕೇಳಿದರೆ, ಅದು ಗುರುಮಕ್ಕಳ ವಿಷಯ, ನಿಮಗೆ ಹೇಳೋ ಹಾಗಿಲ್ಲ ಅಂತಾರೆ. ಇಂಥಾದ್ದನ್ನ ನಾವು ಮೂಢನಂಬಿಕೆ ಅಂತ ಬಯಲಿಗೆ ಎಳೀಬೇಕೋ, ಸುಮ್ಮನಿರಬೇಕೋ?’ ಇದು ಪ್ರಶ್ನೆ. ಅಷ್ಟರಲ್ಲಿ ಊಟದ ಗಂಟೆ ಹೊಡೆದರು. ಹಾಸ್ಟೆಲಿನಲ್ಲಿ ಊಟದ ಗಂಟೆಗಿಂತ ದೊಡ್ಡ ತತ್ವ ಇನ್ನೊಂದಿಲ್ಲವಲ್ಲ, ಮಾತು ಅಲ್ಲಿಗೇ ನಿಂತಿತು. ಇವತ್ತು ಅದನ್ನೇ ಮುಂದುವರಿಸೋಣ ಅಂತ ಬಂದಿದ್ದೇವೆ.

ನಮ್ಮ ನಾಡಿನ ಇಂಥ ಗುಂಪುಗಳ ಚರಿತ್ರೆಯನ್ನು ಅವರ ಒಳಗಿನವರೇ ಕೂತು ಬರೆದದ್ದು ಕಡಿಮೆ. ಪಕ್ಕದ ಕೇರಳದಲ್ಲಿ ಅಂಥದೊಂದು ಕೆಲಸ ಆಗಿದೆ. ಅಲ್ಲಿ ಕದ ಹಾಕಿಕೊಂಡಿದ್ದ ಒಂದು ಸಭೆಯ ಹಾಡುಗಳು, ನೆನಪುಗಳು, ಕಾಗದಪತ್ರಗಳು ನಮ್ಮವರ ಕೈಯಿಂದಲೇ ಹೊರಗೆ ಬಂದಿವೆ. ಆದ್ದರಿಂದ ಇವತ್ತು ಅಲ್ಲಿಗೆ ಹೋಗಿಬರೋಣ.

ಪತ್ತನಂತಿಟ್ಟ ಜಿಲ್ಲೆಯಲ್ಲಿ ತಿರುವಲ್ಲಾ ಅಂತ ಪಟ್ಟಣ. ಅದರ ಹತ್ತಿರ ಇರವಿಪೇರೂರು ಅನ್ನುವ ಊರು. ಆ ಊರಲ್ಲಿ ‘ಪ್ರತ್ಯಕ್ಷ ರಕ್ಷಾ ದೈವ ಸಭಾ’ ಅನ್ನುವ ದಲಿತರ ಧರ್ಮಸಭೆಯ ಮೂಲಸ್ಥಾನ ಇದೆ. ನಮ್ಮ ಜೊತೆ ಓದುತ್ತಿದ್ದ ಒಬ್ಬ ಮಲಯಾಳಿ ಗೆಳೆಯ ಆ ಕಡೆಯವನು, ಜಮೀನಿದ್ದ ಸಿರಿಯನ್ ಕ್ರೈಸ್ತರ ಮನೆಯ ಹುಡುಗ. ಅವನು ಬೆಳೆದದ್ದು ಅಲ್ಲಿಂದ ಎರಡು ಮೈಲಿ ಆಚೆ. ಚಿಕ್ಕಂದಿನಿಂದ ಅವನಿಗೆ ಒಂದೇ ಕುತೂಹಲ: ಅಲ್ಲಿ ಒಳಗೆ ಏನು ಮಾಡ್ತಾರೆ? ಬಿಳಿ ಬಟ್ಟೆ ಉಟ್ಟ ಜನ ಫೆಬ್ರವರಿ ತಿಂಗಳಲ್ಲಿ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ಶಿಲುಬೆಯೂ ಇಲ್ಲ, ವಿಗ್ರಹವೂ ಇಲ್ಲ. ‘ಅವರು ರಾತ್ರಿಯೆಲ್ಲ ಅಳ್ತಾರಂತೆ’ ಅಂತ ಅವನ ಮನೆಯ ದೊಡ್ಡವರು ಹೇಳುತ್ತಿದ್ದರಂತೆ. ಅಳೋದು ಯಾಕೆ ಅಂತ ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ‘ಅಲ್ಲಿಗೆಲ್ಲ ಹೋಗಬೇಡ’ ಅನ್ನುವುದೊಂದೇ ಉತ್ತರ.

ಆ ಮನೆಯ ದೊಡ್ಡವರು ಹೇಳಿದ್ದು ಸುಳ್ಳಲ್ಲ. ಅವರು ಅಳುತ್ತಿದ್ದದ್ದು ನಿಜ. ಯಾಕೆ ಅನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಿರುವಾಂಕೂರಿನಲ್ಲಿ ಪುಲಯ, ಪರಯ ಮೊದಲಾದ ನಮ್ಮ ಜನ ಗುಲಾಮರು. ಜೀತಗಾರರು ಅಂತ ನಾವು ಹೇಳುತ್ತಿಲ್ಲ, ಗುಲಾಮರು ಅಂತಲೇ ಹೇಳುತ್ತಿದ್ದೇವೆ. ಜೀತದಲ್ಲಿ ಸಾಲದ ಲೆಕ್ಕ ಅಂತ ಸುಳ್ಳೋ ನಿಜವೋ ಒಂದು ಇರುತ್ತದೆ. ಅಲ್ಲಿ ಲೆಕ್ಕವೇ ಇಲ್ಲ, ಆಳೇ ಆಸ್ತಿ. 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಬುಕಾನನ್ ಸಾಹೇಬ ಮಲಬಾರಿನ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಗದ್ದೆಯನ್ನು ಹೇಗೆ ಮಾರಬಹುದೋ, ಅಡವು ಇಡಬಹುದೋ, ಗುತ್ತಿಗೆಗೆ ಕೊಡಬಹುದೋ ಹಾಗೇ ಮನುಷ್ಯರನ್ನೂ ಮಾರಬಹುದು, ಅಡವಿಡಬಹುದು, ಗುತ್ತಿಗೆಗೆ ಕೊಡಬಹುದು. ಗದ್ದೆಗೆ ಯಾವ ಹೆಸರೋ ಮನುಷ್ಯನಿಗೂ ಅದೇ ಹೆಸರು: ಜನ್ಮ, ಕಾಣ, ಪಾಟ್ಟ. ನಮ್ಮ ದಕ್ಷಿಣ ಕನ್ನಡದ ಹುಡುಗರು ಇದನ್ನು ಕೇಳಿ ಕೇರಳದವರ ಮೇಲೆ ಕನಿಕರಪಡುವುದು ಬೇಡ. ನಿಮ್ಮ ಮೂಲದ ಹೊಲೆಯರೂ ಗದ್ದೆಯ ಜೊತೆಗೇ ಕೈಯಿಂದ ಕೈಗೆ ಹೋದವರೇ.

ಇಂಗ್ಲಿಷರ ಕಂಪನಿ ಸರ್ಕಾರ 1843ರಲ್ಲಿ ತನ್ನ ಪ್ರಾಂತ್ಯಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂದಿತು. ತಿರುವಾಂಕೂರು ರಾಜರ ಸೀಮೆ. ಅಲ್ಲಿ ಘೋಷಣೆ ಆದದ್ದು 1855ರಲ್ಲಿ. ಘೋಷಣೆ ಆಯಿತು, ನೆಲ ಸಿಗಲಿಲ್ಲ. ಸಂಜೆ ಗಂಜಿ ಎಲ್ಲಿಂದ ಬರಬೇಕು? ಅದೇ ಒಡೆಯನ ಅಂಗಳದಿಂದ. ಹೀಗಾಗಿ ಬಿಡುಗಡೆಯ ಸುದ್ದಿ ಕಾಗದದಲ್ಲಿ ಉಳಿಯಿತು, ಗುಲಾಮ ಗದ್ದೆಯಲ್ಲಿ ಉಳಿದ.

ನಾಲಗೆಯ ಮೇಲಿನ ಗುಲಾಮಗಿರಿ ಇನ್ನೂ ಕೆಟ್ಟದ್ದು. ತಿರುವಾಂಕೂರಿನಲ್ಲಿದ್ದ ಸ್ಯಾಮ್ಯುಯಲ್ ಮಟೀರ್ ಅನ್ನುವ ಮಿಷನರಿ 1871ರ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ: ಗುಲಾಮ ‘ನಾನು’ ಅನ್ನುವ ಹಾಗಿಲ್ಲ, ‘ಅಡಿಯನ್’ ಅನ್ನಬೇಕು, ಅಂದರೆ ನಿಮ್ಮ ಅಡಿಯಾಳು. ತಾನು ತಿನ್ನುವ ಅನ್ನವನ್ನು ಅನ್ನ ಅನ್ನಬಾರದು, ಕೊಳೆಗಂಜಿ ಅನ್ನಬೇಕು. ತನ್ನ ಮಕ್ಕಳನ್ನು ಮಕ್ಕಳು ಅನ್ನಬಾರದು, ಕರುಗಳು ಅಂತಲೋ ಕೋತಿಗಳು ಅಂತಲೋ ಅನ್ನಬೇಕು. ಯೋಚನೆ ಮಾಡಿ. ಅವ್ವನೊಬ್ಬಳು ಒಡೆಯನ ಮುಂದೆ ನಿಂತು ತನ್ನ ಎದೆಹಾಲು ಕುಡಿಯುವ ಕೂಸನ್ನು ಕೋತಿ ಅಂತ ಕರೀಬೇಕು. ನಮ್ಮ ಅಜ್ಜಂದಿರು ‘ಬುದ್ಧೀ’ ‘ಒಡೆಯಾ’ ಅಂತ ಸೊಂಟ ಬಗ್ಗಿಸಿದ್ದು ನೆನಪಾದರೆ ಇದು ದೂರದ ಮಾತಲ್ಲ ಅನ್ನುವುದು ಗೊತ್ತಾಗುತ್ತದೆ.

ಹೀಗಿರುವ ಜನ ಪ್ರಾರ್ಥನೆ ಮಾಡೋದು ಯಾವಾಗ? ಹಗಲು ಒಡೆಯನದು. ಬೆಳಗಿನಿಂದ ಕತ್ತಲಾಗುವವರೆಗೆ ಕೆಸರಿನಲ್ಲಿ ನಿಂತವರಿಗೆ ಉಳಿಯುವುದು ರಾತ್ರಿ ಮಾತ್ರ. ತಿರುವಲ್ಲಾದ ಹತ್ತಿರವೇ ಇರುವ ಮಲ್ಲಪ್ಪಳ್ಳಿಯಲ್ಲಿ ಗುಲಾಮರಿಗೆ ಅಕ್ಷರ ಕಲಿಸಲು ಪಾದ್ರಿ ಜಾರ್ಜ್ ಮಾತ್ತನ್ ಶುರುಮಾಡಿದ್ದ. 1854ರಲ್ಲಿ ಅಲ್ಲಿ ಒಬ್ಬ ಪುಲಯ ಹೇಬೆಲ್ ಅನ್ನುವ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದ. ಘೋಷಣೆಗೆ ಇನ್ನೂ ಒಂದು ವರ್ಷ ಇತ್ತು, ಅಂದರೆ ಕಾನೂನಿನ ಪ್ರಕಾರ ಆ ದಿನ ಒಬ್ಬ ಗುಲಾಮ ಸ್ವರ್ಗಕ್ಕೆ ಹಕ್ಕುದಾರನಾದ, ತನ್ನ ಮೈಗೆ ಆಗಲಿಲ್ಲ. ರಾತ್ರಿ ಸೇರುವುದು, ಮಿಣುಕು ದೀಪದಲ್ಲಿ ಕೂರುವುದು, ಮೆಲ್ಲಗೆ ಹಾಡುವುದು ಮಂತ್ರತಂತ್ರಕ್ಕಾಗಿ ಹುಟ್ಟಿದ್ದಲ್ಲ. ದುಡಿಮೆಯ ಗಡಿಯಾರದಿಂದ ಹುಟ್ಟಿದ್ದು.

ಆ ಸೀಮೆಯ ಇರವಿಪೇರೂರಿನಲ್ಲಿ 1879ರ ಫೆಬ್ರವರಿಯಲ್ಲಿ ಒಬ್ಬ ಹುಡುಗ ಹುಟ್ಟಿದ. ತಂದೆ ಕಂಡನ್, ತಾಯಿ ಲೇಚಿ. ಪರಯರ ಮನೆ, ಸಿರಿಯನ್ ಕ್ರೈಸ್ತ ಜಮೀನುದಾರರ ಅಧೀನದಲ್ಲಿದ್ದ ಕುಟುಂಬ. ಹುಡುಗ ಅಕ್ಷರ ಕಲಿತ, ಬೈಬಲ್ ಬಾಯಿಪಾಠ ಮಾಡಿದ, ಮಾರ್ ತೋಮಾ ಸಭೆ ಸೇರಿ ಯೋಹನ್ನಾನ್ ಆದ. ಬೋಧನೆ ಮಾಡಲು ನಿಂತರೆ ಜನ ಕದಲದೆ ಕೂರುವಷ್ಟು ಮಾತುಗಾರ. ಆದರೆ ದೇವರ ಮನೆಯಲ್ಲೂ ಪಂಕ್ತಿ ಬೇರೆಯೇ. ಇಗರ್ಜಿಯ ಸ್ಮಶಾನದಲ್ಲಿ ಹೂತಿದ್ದ ದಲಿತ ಕ್ರೈಸ್ತರೊಬ್ಬರ ಹೆಣವನ್ನು ಮೇಲುಜಾತಿ ಕ್ರೈಸ್ತರು ಹೊರಗೆ ತೆಗೆಸಿದರು, ಅದನ್ನು ಕಂಡು ಯೋಹನ್ನಾನ್ ಆ ಸಭೆ ಬಿಟ್ಟರು ಅಂತ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಬ್ರದರನ್ ಮಿಷನ್ನಿಗೆ ಹೋದರು, ಅಲ್ಲೂ ಜಾತಿ. ಇನ್ನೊಂದಕ್ಕೆ ಹೋದರು, ಅಲ್ಲೂ ಅದೇ. ನಮ್ಮಲ್ಲಿ ಕೆಲವರು, ಜಾತಿ ಹಿಂದೂ ಧರ್ಮದ ರೋಗ, ಹೊರಗೆ ಕಾಲಿಟ್ಟರೆ ವಾಸಿಯಾಗುತ್ತೆ ಅಂತ ಅಂದುಕೊಂಡಿದ್ದಾರೆ. ಇರವಿಪೇರೂರಿನ ಚರಿತ್ರೆಯನ್ನು ಅವರು ಎರಡು ಸಲ ಓದಬೇಕು.

ಆಮೇಲೆ ಅವರು ಕೇಳಿದ ಪ್ರಶ್ನೆ ಇದೆಯಲ್ಲ, ಅದು ಬಲು ಸರಳ. ಬೈಬಲಿನಲ್ಲಿ ಸಂತ ಪೌಲ ರೋಮಿನವರಿಗೆ ಪತ್ರ ಬರೆದಿದ್ದಾನೆ, ಕೊರಿಂಥದವರಿಗೆ ಬರೆದಿದ್ದಾನೆ. ತಿರುವಾಂಕೂರಿನ ಪುಲಯರಿಗೆ ಬರೆದ ಪತ್ರ ಎಲ್ಲಿದೆ? ನಮ್ಮ ವಿಳಾಸಕ್ಕೆ ಬಾರದ ಕಾಗದವನ್ನು ನಾವು ಯಾಕೆ ಓದಿ ಅಳಬೇಕು? ವಾಕತ್ತಾನಂ ಅನ್ನುವ ಊರಲ್ಲಿ ಅವರು ಬೈಬಲನ್ನೇ ಬೆಂಕಿಗೆ ಹಾಕಿದರು ಅಂತ ಪ್ರತೀತಿ ಇದೆ. ನಮಗೆಲ್ಲ ತಕ್ಷಣ ನೆನಪಾಗುವುದು 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಸುಟ್ಟ ಮನುಸ್ಮೃತಿ. ಆದರೆ ಎರಡೂ ಒಂದೇ ಅಲ್ಲ. ಮನುಸ್ಮೃತಿಯಲ್ಲಿ ನಮ್ಮ ಹೆಸರು ಇತ್ತು, ಶಿಕ್ಷೆಯ ಪಟ್ಟಿಯಲ್ಲಿ ಇತ್ತು. ಯೋಹನ್ನಾನರ ತಕರಾರು, ಇದರಲ್ಲಿ ನಾವೇ ಇಲ್ಲ ಅನ್ನುವುದು.

1910ರ ಹೊತ್ತಿಗೆ ಅವರು ಸ್ವಂತ ಸಭೆ ಕಟ್ಟಿದರು. ಹೆಸರನ್ನು ನೋಡಿ: ಪ್ರತ್ಯಕ್ಷ ರಕ್ಷಾ. ಸತ್ತ ಮೇಲೆ ಸಿಗುವ ರಕ್ಷೆ ಅಲ್ಲ, ಕಣ್ಣೆದುರಿಗೆ ಕಾಣುವ ರಕ್ಷೆ. ಹೊಟ್ಟೆಗೆ, ಮೈಗೆ, ಮಕ್ಕಳಿಗೆ ಸಿಗುವ ರಕ್ಷೆ. ಜನ ಅವರನ್ನು ಪೊಯ್ಕಯಿಲ್ ಅಪ್ಪಚ್ಚನ್ ಅಂತ ಕರೆದರು, ಕುಮಾರ ಗುರುದೇವನ್ ಅಂತಲೂ ಕರೆದರು.

ಈಗ ಒಳಗೆ ಬನ್ನಿ. ನಮ್ಮ ಮಲಯಾಳಿ ಗೆಳೆಯನಿಗೆ ಕಾಣದೆ ಇದ್ದ ಒಳಗಡೆ. ಅಲ್ಲಿ ನಡೆಯುತ್ತಿದ್ದದ್ದು ಏನು? ಕತೆ ಹೇಳುವುದು ಮತ್ತು ಹಾಡುವುದು. ಯಾವ ದೇವರ ಕತೆ? ಕೂತಿದ್ದವರ ಅಜ್ಜ ಅಜ್ಜಿಯರ ಕತೆ. ಅಪ್ಪನನ್ನು ಒಂದು ಕಡೆಗೆ, ಅವ್ವನನ್ನು ಇನ್ನೊಂದು ಕಡೆಗೆ ಮಾರಿದಾಗ ನಡುವೆ ದಿಕ್ಕಿಲ್ಲದೆ ಉಳಿದ ಮಕ್ಕಳ ಕತೆ. ಎತ್ತಿನ ಜೊತೆ ನೊಗಕ್ಕೆ ಹೆಗಲು ಕೊಟ್ಟು ಉತ್ತವರ ಕತೆ. ತಮ್ಮ ಕುಲದ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ ಅನ್ನುವ ಸಂಕಟವೇ ಅಪ್ಪಚ್ಚನ್ ಹಾಡುಗಳ ಒಡಲು. ಗಂಟೆಗಟ್ಟಲೆ, ರಾತ್ರಿ ಪೂರ್ತಿ ಇದು ನಡೆಯುತ್ತಿತ್ತು. ಕೇಳುತ್ತಾ ಕೇಳುತ್ತಾ ಜನ ಗೊಳೋ ಅಂತ ಅಳುತ್ತಿದ್ದರು. ‘ರಾತ್ರಿಯೆಲ್ಲ ಅಳ್ತಾರಂತೆ’ ಅಂದರಲ್ಲ, ಇದಕ್ಕೆ.

ಬೇರೆಯವರ ಧರ್ಮದಲ್ಲಿ ಕಳೆದುಹೋದ ಸ್ವರ್ಗವನ್ನು ನೆನೆದು ಅಳುತ್ತಾರೆ. ಇಲ್ಲಿ ಕಳೆದುಹೋದ ಅವ್ವನನ್ನು ನೆನೆದು ಅತ್ತರು. ಪುಲಯ, ಪರಯ, ಕುರವ ಅಂತ ಒಬ್ಬರ ನೀರು ಒಬ್ಬರು ಮುಟ್ಟದೆ ಇದ್ದ ಜಾತಿಗಳು ಒಂದೇ ಚಪ್ಪರದಲ್ಲಿ ಕೂತು ಅತ್ತವು. ಮಾರಾಟ ಆಗುವಾಗ ಚದುರಿದ್ದು ಯಾರ ಮಕ್ಕಳು, ಯಾರ ಅಣ್ಣತಮ್ಮಂದಿರು ಅಂತ ಯಾರಿಗೆ ಗೊತ್ತು? ಪಕ್ಕದಲ್ಲಿ ಕೂತವನು ನನ್ನ ಅಣ್ಣನೇ ಇರಬಹುದಲ್ಲ? ಒಳಜಾತಿ ಒಡೆಯಲು ಇದಕ್ಕಿಂತ ಗಟ್ಟಿ ವಾದ ನಾವು ಕೇಳಿಲ್ಲ. ನಮ್ಮಲ್ಲಿ ಎಡಗೈ ಬಲಗೈ ಅಂತ ಹಾಸ್ಟೆಲ್ ರೂಮುಗಳನ್ನೂ ಹಂಚಿಕೊಳ್ಳುವ ಪುಣ್ಯಾತ್ಮರಿದ್ದಾರೆ. ಅವರಿಗೆ ಈ ಮಾತು ತಲುಪಲಿ.

ಸರಿ, ಇದನ್ನು ಕದ ಹಾಕಿಕೊಂಡೇ ಯಾಕೆ ಮಾಡಬೇಕು? ಯಾಕೆಂದರೆ ಅವರ ಸಭೆಗಳ ಮೇಲೆ ದಾಳಿ ನಡೆಯುತ್ತಿತ್ತು. ಚಪ್ಪರಕ್ಕೆ ಬೆಂಕಿ ಬೀಳುತ್ತಿತ್ತು, ದೊಣ್ಣೆ ಬೀಳುತ್ತಿತ್ತು. ನಿಮ್ಮಪ್ಪ ನಮ್ಮವ್ವನನ್ನು ಮಾರಿದ ಅನ್ನುವ ಹಾಡನ್ನು ಮಾರಿದವನ ಮಗ ಕೇಳುವ ಹಾಗೆ ಹಾಡಲು ಆಗುತ್ತದೆಯೇ? ಬೆಳಗಾದರೆ ಅವನ ಗದ್ದೆಗೇ ಇಳಿಯಬೇಕು.

ಅದೇ ತಿರುವಾಂಕೂರಿನಲ್ಲಿ ಅದೇ ಕಾಲದಲ್ಲಿ ಅಯ್ಯಂಕಾಳಿ ಇದ್ದರು. 1893ರಲ್ಲಿ ರಾಜಬೀದಿಯ ಮೇಲೆ ಎತ್ತಿನ ಗಾಡಿ ಹೂಡಿಕೊಂಡು, ತಲೆಗೆ ರುಮಾಲು ಸುತ್ತಿಕೊಂಡು, ಎದುರು ಬಂದವರಿಗೆ ಎದೆಯೊಡ್ಡಿ ಹೋದ ಗಂಡು. ನಮ್ಮ ಯುವಕರಿಗೆ ಅಯ್ಯಂಕಾಳಿಯೇ ಇಷ್ಟ, ಸಹಜ. ಕದ ಹಾಕಿಕೊಂಡು ಅಳುವವರು ಹೇಡಿಗಳ ಹಾಗೆ ಕಾಣುತ್ತಾರೆ. ಹಾಗೆ ಕಾಣಬಾರದು ಅನ್ನುವುದು ನಮ್ಮ ವಾದ. ಬೀದಿಯಲ್ಲಿ ತಲೆ ಎತ್ತಿ ನಡೆಯುವವನಿಗೆ ನಾನೂ ಮನುಷ್ಯ ಅನ್ನುವುದು ಮೊದಲು ಒಳಗೆ ಗೊತ್ತಾಗಿರಬೇಕು. ಅಪ್ಪಚ್ಚನ್ ಕದ ಹಾಕಿಕೊಂಡು ಮಾಡಿದ್ದು ಆ ಕೆಲಸ. ಮತ್ತೆ, ಅವರು ಒಳಗೇ ಕೂತುಬಿಡಲೂ ಇಲ್ಲ. ಜಮೀನು ಕೊಂಡು ಸಭೆಗೆ ಮಾಡಿದರು, ಶಾಲೆ ತೆರೆದರು. 1921ರಲ್ಲಿ ಮತ್ತು 1931ರಲ್ಲಿ ತಿರುವಾಂಕೂರಿನ ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾಗಿ ನಮ್ಮ ಜನಕ್ಕೆ ನೆಲ ಕೊಡಿ, ಓದು ಕೊಡಿ ಅಂತ ದಿವಾನರ ಎದುರಿಗೇ ಕೇಳಿದರು. ರಾತ್ರಿ ಕದ ಹಾಕಿಕೊಂಡವರೇ ಹಗಲು ಸರ್ಕಾರದ ಕದ ತಟ್ಟಿದವರು.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರೋಣ. ಬಯಲಿಗೆ ಎಳೀಬೇಕೋ ಬೇಡವೋ? ಮೊದಲು, ಆ ಬೀಗ ಯಾರನ್ನು ಹೊರಗಿಡಲು ಹಾಕಿದ್ದು ಅಂತ ಕೇಳಿಕೊಳ್ಳಬೇಕು. ಗರ್ಭಗುಡಿಗೂ ಕದ ಇದೆ. ವೇದ ಕೇಳಿದ ಶೂದ್ರನ ಕಿವಿಗೆ ಅರಗು ಸೀಸ ಕಾಯಿಸಿ ಹೊಯ್ಯಿರಿ ಅಂದ ಧರ್ಮಸೂತ್ರವೂ ಒಂದು ಗುಟ್ಟನ್ನೇ ಕಾಯುತ್ತಿತ್ತು. ಅದು ದೋಚಿದ್ದನ್ನು ಕಾಯುವ ಬೀಗ, ಒಡೆಯಬೇಕಾದದ್ದೇ. ಇರವಿಪೇರೂರಿನದು ಉಳಿದದ್ದನ್ನು ಕಾಯುವ ಬೀಗ. ಎರಡಕ್ಕೂ ಒಂದೇ ಸುತ್ತಿಗೆ ಎತ್ತಿಕೊಂಡು ಹೊರಟರೆ ನಮ್ಮ ಮನೆಯನ್ನೇ ನಾವು ಒಡೆದುಕೊಂಡ ಹಾಗೆ.

ಹಾಗಂತ ನಮ್ಮವರದೆಲ್ಲ ಪವಿತ್ರ ಅಂತಲೂ ಹೇಳುತ್ತಿಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತ ಹೆಣ್ಣುಮಕ್ಕಳನ್ನು ಬೆತ್ತಲೆ ಮಾಡುತ್ತಿದ್ದರು. 1986ರಲ್ಲಿ ನಮ್ಮ ಸಂಘಟನೆಯವರು ಅಡ್ಡ ನಿಂತರು, ಪೆಟ್ಟೂ ತಿಂದರು. ಅಲ್ಲಿ ಬೆತ್ತಲಾಗುತ್ತಿದ್ದವರಲ್ಲಿ ನಮ್ಮ ಹೆಣ್ಣುಮಕ್ಕಳೇ ಇದ್ದರು, ಅದು ಅವರ ನಂಬಿಕೆಯೇ ಆಗಿತ್ತು. ಆದರೂ ಅಡ್ಡ ನಿಂತದ್ದು ಸರಿ. ಯಾರ ಮೈಗೆ, ಯಾರ ಮಾನಕ್ಕೆ ಕೇಡಾಗುತ್ತಿದೆಯೋ ಅಲ್ಲಿ ಕದ ಮುಚ್ಚಿದೆಯೋ ತೆರೆದಿದೆಯೋ ಅಂತ ನೋಡಬಾರದು. ಕೇಡಿಲ್ಲದ ಕಡೆ, ಬರೀ ನಮ್ಮ ಕುತೂಹಲಕ್ಕೆ ಕದ ತಳ್ಳಬಾರದು.

ಅಪ್ಪಚ್ಚನ್ ಸಭೆಯ ಬಗ್ಗೆಯೂ ನಮಗೆ ತಕರಾರಿದೆ, ಮುಚ್ಚಿಡುವುದಿಲ್ಲ. ಪ್ರತ್ಯಕ್ಷ ರಕ್ಷೆ ಅಂತ ಹೊರಟದ್ದು ಕೊನೆಗೆ ಅಪ್ಪಚ್ಚನನ್ನೇ ದೇವರು ಮಾಡಿತು. ಅವರು 1939ರಲ್ಲಿ ತೀರಿಕೊಂಡರು. ಆಮೇಲೆ ಪತ್ನಿ ಜಾನಮ್ಮ ಮುಂದಾಳಾದರು. ಒಬ್ಬ ಹೆಂಗಸು ಧರ್ಮಸಭೆಯೊಂದನ್ನು ನಡೆಸಿದ್ದು ದೊಡ್ಡ ಸಂಗತಿ. ಆದರೆ ಗುಂಪುಗಳಾದವು, ಜಗಳಗಳಾದವು. ನಾಯಕ ದೇವರಾದ ಕಡೆಯೆಲ್ಲ ಪೂಜಾರಿಕೆಗೆ ಜಗಳ ತಪ್ಪಿದ್ದಲ್ಲ. ಬಾಬಾಸಾಹೇಬರು 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು, ರಾಜಕೀಯದಲ್ಲಿ ಭಕ್ತಿ ಸೇರಿದರೆ ಅಧೋಗತಿ ಅಂತ ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಆ ಮಾತಿನ ಮೇಲೆಯೇ ಅವರ ಫೋಟೋ ಇಟ್ಟು ಊದುಬತ್ತಿ ಹಚ್ಚುತ್ತೇವೆ, ಅದು ಬೇರೆ ವಿಷಯ.

ಇನ್ನೊಂದು ಗೋಜಲು ಸರ್ಕಾರದ್ದು. 1950ರ ರಾಷ್ಟ್ರಪತಿ ಆಜ್ಞೆ ಪರಿಶಿಷ್ಟ ಜಾತಿ ಅಂದರೆ ಹಿಂದೂ ಅಂತ ಗೆರೆ ಎಳೆಯಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದರೆ ಸೌಲಭ್ಯ ಇಲ್ಲ. ಹಾಗಿರುವಾಗ ನಾವು ಅದೂ ಅಲ್ಲ ಇದೂ ಅಲ್ಲ, ನಮ್ಮದೇ ಒಂದು ದೈವ ಅಂತ ಹೊರಟ ಜನಕ್ಕೆ ಅರ್ಜಿ ಫಾರಂನಲ್ಲಿ ಕಾಲಂ ಎಲ್ಲಿದೆ? ಧರ್ಮ ಯಾವುದು ಅನ್ನುವ ಪ್ರಶ್ನೆ ಮೇಲಿನವರಿಗೆ ಮೋಕ್ಷದ ಪ್ರಶ್ನೆ. ನಮಗೆ ಅದು ಸ್ಕಾಲರ್‌ಶಿಪ್ಪಿನ ಪ್ರಶ್ನೆ. ಇಂಥ ಕಡೆ ಜನ ಹೊರಗಿನವರ ಹತ್ತಿರ ಕಡಿಮೆ ಮಾತಾಡಿದರೆ ಆಶ್ಚರ್ಯ ಏನು?

ಗುಟ್ಟಿನ ವಿಷಯ ಬಂದದ್ದಕ್ಕೆ ಒಂದು ಮಾತು ಕೇಳುತ್ತೇವೆ, ಸಿಟ್ಟಾಗಬೇಡಿ. ಈ ಪೇಟೆಯಲ್ಲಿ ರೂಮು ಬಾಡಿಗೆಗೆ ಕೇಳಲು ಹೋದಾಗ ‘ನೀವು ಯಾವ ಜನ?’ ಅಂದರೆ ನಿಮ್ಮಲ್ಲಿ ಎಷ್ಟು ಜನ ನಿಜ ಹೇಳಿದ್ದೀರಿ? ಕ್ಲಾಸಿನ ಗೆಳೆಯನನ್ನು ಊರಿಗೆ ಕರೆದುಕೊಂಡು ಹೋಗದೆ ಇರಲು ಎಷ್ಟು ನೆಪ ಹೇಳಿದ್ದೀರಿ? ಅಪ್ಪ ಏನು ಕೆಲಸ ಮಾಡ್ತಾರೆ ಅಂದರೆ ‘ವ್ಯವಸಾಯ’ ಅಂದು ಸುಮ್ಮನಾದವರು ಎಷ್ಟು? ನಾವೆಲ್ಲ ಕದ ಹಾಕಿಕೊಂಡವರೇ. ಪಕ್ಕದ ಹಳ್ಳಿಯ ಗುರುಮಕ್ಕಳು ರಾತ್ರಿಯಲ್ಲಿ ಒಂದು ಹೊತ್ತು ಹಾಕಿಕೊಳ್ಳುತ್ತಾರೆ, ನಾವು ಹಗಲೆಲ್ಲ ಹಾಕಿಕೊಂಡು ತಿರುಗುತ್ತೇವೆ. ವ್ಯತ್ಯಾಸ ಏನೆಂದರೆ ಅವರ ಕದದ ಒಳಗೆ ಒಂದಷ್ಟು ಜನ ಕೂಡಿ ಹಾಡುತ್ತಿದ್ದಾರೆ. ನಮ್ಮ ಕದದ ಒಳಗೆ ಒಬ್ಬೊಬ್ಬರೇ ಇದ್ದೇವೆ.

ಅಪ್ಪಚ್ಚನ್ ಹಾಡುಗಳು ದಶಕಗಳ ಕಾಲ ಬಾಯಿಂದ ಬಾಯಿಗೆ, ಸಭೆಯ ಒಳಗೇ ಉಳಿದಿದ್ದವು. ಹಿರಿಯರ ನೆನಪಿನಿಂದ ಅವು ಬರಹಕ್ಕೆ ಬಂದವು. 2008ರಲ್ಲಿ ಇಂಗ್ಲಿಷಿಗೂ ಬಂದವು. ಸನಲ್ ಮೋಹನ್ ಅನ್ನುವ ಚರಿತ್ರೆಕಾರರು ಈ ಸಭೆಯನ್ನೂ ಕೇರಳದ ಗುಲಾಮಗಿರಿಯನ್ನೂ ಕುರಿತು ಬರೆದ ದೊಡ್ಡ ಗ್ರಂಥ 2015ರಲ್ಲಿ ಪ್ರಕಟವಾಯಿತು. ಕೇರಳದಲ್ಲಿ ಗುಲಾಮಗಿರಿ ಇತ್ತು ಅಂತ ಗಟ್ಟಿಯಾಗಿ ಹೇಳಲು ಮಿಷನರಿಗಳ ಬರಹದ ಜೊತೆಗೆ ಈಗ ಗುಲಾಮರ ಮೊಮ್ಮಕ್ಕಳ ಹಾಡೂ ಸಾಕ್ಷಿಗೆ ನಿಂತಿದೆ. ಆ ಚಪ್ಪರದ ಕದವನ್ನು ಯಾರಾದರೂ ಮುಂಚೆಯೇ ಒದ್ದು ತೆರೆದಿದ್ದರೆ ಒಳಗಿನವರು ಬಾಯಿ ಮುಚ್ಚಿಕೊಂಡುಬಿಡುತ್ತಿದ್ದರು, ಹಾಡುಗಳೂ ಮುದುಕರ ಜೊತೆ ಮಣ್ಣಾಗುತ್ತಿದ್ದವು.

ನಮ್ಮ ಮಂಟೇಸ್ವಾಮಿ, ಸಿದ್ದಪ್ಪಾಜಿಯವರ ಕಾವ್ಯವನ್ನು ಹಾಡಿ ಉಳಿಸಿದವರು ನೀಲಗಾರರು. ಟೇಪ್ ರೆಕಾರ್ಡರ್ ಹಿಡಿದು ಬಂದ ವಿದ್ವಾಂಸರಿಂದ ಅದು ದೊಡ್ಡ ದೊಡ್ಡ ಪುಸ್ತಕವಾಯಿತು, ಒಳ್ಳೆಯದೇ ಆಯಿತು. ಆ ಪುಸ್ತಕ ಹಾಡಿದವರ ಗುಡಿಸಲಿಗೆ ತಲುಪಿತೇ, ಅವರ ಮಕ್ಕಳು ಓದಿದರೇ ಅಂತ ಚಿಕ್ಕಲ್ಲೂರು, ಕಪ್ಪಡಿ ಕಡೆಯ ಹುಡುಗರು ವಿಚಾರಿಸಿಕೊಂಡು ಬಂದು ನಮಗೂ ಹೇಳಿ.

ಪ್ರಶ್ನೆ ಕೇಳಿದ ಗೆಳೆಯರಿಗೆ ಒಂದು ಕೆಲಸ. ಬರುವ ರಜೆಯಲ್ಲಿ ಊರಿಗೆ ಹೋದಾಗ ಆ ಗುರುಮಕ್ಕಳ ಕೇರಿಗೆ ಹೋಗಿ. ಪೂಜೆಯ ದಿನ ಬೇಡ, ಸುಮ್ಮನೆ ಒಂದು ಮಧ್ಯಾಹ್ನ ಹೋಗಿ. ಅಲ್ಲಿ ವಯಸ್ಸಾದವರು ಯಾರಾದರೂ ಜಗಲಿಯ ಮೇಲೆ ಕೂತಿರುತ್ತಾರೆ. ನೀವು ಯಾರ ಮಗ, ಯಾರ ಮಗಳು, ಯಾವ ಕೇರಿಯವರು ಅಂತ ಮೊದಲು ನೀವೇ ಹೇಳಿಕೊಳ್ಳಿ, ಮುಚ್ಚಿಡದೆ ಹೇಳಿ. ಒಳಗೇನು ಮಾಡ್ತೀರಿ ಅಂತ ಕೇಳಬೇಡಿ. ‘ಅಜ್ಜಾ, ನಿಮ್ಮ ಅಪ್ಪ ಯಾರ ಮನೆಗೆ ದುಡಿಯುತ್ತಿದ್ದರು?’ ಅಂತ ಕೇಳಿ. ಅವರು ಹೇಳಿದ್ದನ್ನು, ಬರೆದುಕೋ ಅಂದರೆ ಮಾತ್ರ ಬರೆದುಕೊಳ್ಳಿ. ಬೇಡ ಅಂದದ್ದನ್ನು ಬಿಟ್ಟುಬಿಡಿ. ಬರೆದ ನೋಟ್‌ಬುಕ್ಕನ್ನು ಮುಂದಿನ ಶಿಬಿರಕ್ಕೆ ತನ್ನಿ, ಇಲ್ಲಿ ಕೂತು ಓದೋಣ.